ಮಂಜಿನಲ್ಲಿ ಎತ್ತಿದ ಕೈ

ಯಾಕುತ್ಸ್ಕ್
ಜನವರಿ ೨೩

ಘನವೆತ್ತ ಸಭಾಧ್ಯಕ್ಷರೇ, ಮೂಗುಳ್ಳ ಮಹನೀಯರೇ, ಮೂಗು ಕಳೆದುಕೊಂಡೂ ಸಭೆಗೆ ಬಂದಿರುವ ಮಹಾತಾಯಂದಿರೇ,

ಮೈನಸ್ ಐವತ್ತು, ಮೂಗಿಗೆ ಆಪತ್ತು. ಈ ಚಳಿಗಾಲದ ವರದಿಯನ್ನು ತಮ್ಮ ಸನ್ನಿಧಿಗೆ ಒಪ್ಪಿಸುತ್ತಿದ್ದೇನೆ. ಸಭೆಯಲ್ಲಿ ಇರುವವಳು ನೀನೊಬ್ಬಳೇ ಅಕುಲಿನಾ, ಅದೂ ದಕ್ಷಿಣದ ಕಡಲತೀರದ ಊರಿನಲ್ಲಿ ಕಾಲು ಚಾಚಿಕೊಂಡು. ಆದರೂ ಚಪ್ಪಾಳೆ ಇರಲಿ.

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಬೈಯಬೇಡ ಕಣೇ. ಶಾಯಿ ಹೆಪ್ಪುಗಟ್ಟಿತ್ತು ಅಂದರೆ ನೀನು ನಂಬುವವಳಲ್ಲ, ಇದೇ ಊರಲ್ಲಿ ಹುಟ್ಟಿದವಳು. ಫೋನು ಮಾಡಬಹುದಿತ್ತು, ಫೋನಿನಲ್ಲಿ ನನ್ನ ದನಿ ನನ್ನ ಮೇಲೇ ಚಾಡಿ ಹೇಳುತ್ತದೆ.

ಇಲ್ಲಿ ಎಲ್ಲ ನೀನು ಬಿಟ್ಟುಹೋದ ಹಾಗೇ ಇದೆ. ಬಾಲ್ಕನಿಯಲ್ಲಿ ಹರವಿದ ಲಂಗ ಪೊಲೀಸಪ್ಪನ ಹಾಗೆ ಸೆಟೆದು ನಿಲ್ಲುತ್ತದೆ. ಸಂತೆಯಲ್ಲಿ ಮೀನುಗಳು ಬಕೆಟ್ಟಿನೊಳಗೆ ಸೌದೆಯಂತೆ ನೆಟ್ಟಗೆ ನಿಂತಿವೆ. ಕಾರು, ಬಸ್ಸು, ಮನುಷ್ಯರು ಬಿಟ್ಟ ಉಸಿರೆಲ್ಲ ಎಲ್ಲಿಗೂ ಹೋಗದೆ ಬೀದಿಯಲ್ಲೇ ಮಂಜಾಗಿ ಕೂತಿದೆ. ಎದುರಿಗೆ ಬಂದವರ ಮುಖ ಕಾಣದು, ಕಂಡರೂ ಕಣ್ಣೆರಡು ಬಿಟ್ಟು ಮಿಕ್ಕಿದ್ದೆಲ್ಲ ಮಫ್ಲರು. ಟೋಪಿ ನೋಡಿಯೇ ಗುರುತು ಹಿಡಿಯಬೇಕು.

ನನ್ನ ಕಥೆಯೂ ಟೋಪಿಯದೇ. ನನ್ನ ನರಿಚರ್ಮದ ಟೋಪಿಗೆ ಹುಳ ಬಿದ್ದಿತ್ತು. ಅಕ್ಟೋಬರಿನಲ್ಲಿ ಅಫನಾಸಿಯನ್ನು ಮಣ್ಣುಮಾಡಿ ಬಂದ ಮೇಲೆ ಅವನ ತೋಳಚರ್ಮದ ಟೋಪಿ, ಕೋಟು ಮೊಳೆಗೆ ನೇತುಬಿದ್ದಿದ್ದವು. ಹಾಕಿಕೊಂಡೆ. ಗಂಡಹೆಂಡತಿ ಇಬ್ಬರೂ ಒಂದೇ ಎತ್ತರ ಅಂತ ಮದುವೆಯ ದಿನ ಅಣಕಿಸಿದ್ದೆಯಲ್ಲ, ಉಪಯೋಗಕ್ಕೆ ಬಂತು.

ಎದುರುಸಾಲಿನ ಗವ್ರಿಲ್ ನೆನಪಿದ್ದಾನಲ್ಲ, ಅಫನಾಸಿಯ ಜೊತೆ ನದಿಯ ಮಂಜುಗಡ್ಡೆ ಕೊರೆದು ಮೀನು ಹಿಡಿಯುತ್ತಿದ್ದವನು? ಬೇಸಿಗೆಯಿಂದ ಉತ್ತರದ ಗಣಿಯಲ್ಲಿದ್ದ, ಹೊಸವರ್ಷಕ್ಕೆ ವಾಪಸ್ಸು ಬಂದ. ಸಾವಿನ ಸುದ್ದಿ ಅವನಿಗೆ ಮುಟ್ಟಿರಲಿಲ್ಲ. ಪ್ರತಿ ಚಳಿಗಾಲ ಬೆಳಗ್ಗೆ ಕಾರು ಬಿಸಿಮಾಡುತ್ತ ಆ ಕಡೆಯಿಂದ ಅವನು ಕೂಗುವುದು, ಈ ಕಡೆಯಿಂದ ಅಫನಾಸಿ ಸುಮ್ಮನೆ ಕೈ ಎತ್ತುವುದು. ಈ ಚಳಿಯಲ್ಲಿ ಬಾಯಿ ತೆರೆಯುವ ಧೈರ್ಯ ಗವ್ರಿಲನಿಗೆ ಮಾತ್ರ.

ಈ ಸಲವೂ ಮಂಜಿನೊಳಗಿಂದ ಕೂಗು ಬಂತು: "ಏ ಅಫನಾಸಿ, ಮೂಗು ಇದೆಯೇನೋ?"

ಮಫ್ಲರು ಇಳಿಸಿ ಹೇಳಬೇಕಿತ್ತು. ಕೈ ತಾನಾಗಿ ಮೇಲೆದ್ದಿತು. ಮರುದಿನವೂ ಎದ್ದಿತು. ಆಮೇಲೆ ದಿನಾ ಅದೇ ಹೊತ್ತಿಗೆ ಬ್ರೆಡ್ಡು ತರುವ ನೆಪ. ಒಬ್ಬಳಿಗೆ ಎಷ್ಟು ಬ್ರೆಡ್ಡು ಬೇಕು ಹೇಳು. ಬಾಲ್ಕನಿಯಲ್ಲಿ ಇಟ್ಟಿಗೆಯ ಹಾಗೆ ಪೇರಿಸಿದ್ದೇನೆ, ಇನ್ನಷ್ಟು ತಂದರೆ ಒಂದು ಕೋಣೆ ಕಟ್ಟಿಸಬಹುದು.

ನಿನ್ನೆ ಮಧ್ಯಾಹ್ನ ಗವ್ರಿಲ್ ಕಂಕುಳಲ್ಲಿ ಹೆಪ್ಪುಗಟ್ಟಿದ ಮೀನು ಇಟ್ಟುಕೊಂಡು ಮನೆಗೇ ಬಂದ. ಹಾಲು ಹಾಕಿದ ಚಹಾ ಕೊಟ್ಟೆ. ಮೊಳೆಯ ಮೇಲಿನ ಟೋಪಿಯನ್ನೇ ನೋಡುತ್ತ ಕುಡಿದ. ಹೇಗೆ ಹೇಳಲಿ ಅಂತ ನಾನು ಮಾತು ಹುಡುಕುತ್ತಿದ್ದರೆ ಅವನೇ, "ಅತ್ತಿಗೆ, ಅವನು ಎತ್ತುತ್ತಿದ್ದುದು ಎಡಗೈ" ಅಂದ. ಮೊದಲ ದಿನವೇ ಅನುಮಾನ ಬಂದು ಬ್ರೆಡ್ಡಂಗಡಿಯಲ್ಲಿ ವಿಚಾರಿಸಿದನಂತೆ. ಹೇಳಿದರಂತೆ.

"ಗೊತ್ತಿದ್ದೂ ಯಾಕಪ್ಪ ಕೂಗ್ತಿದ್ದೆ?"

"ನೀವ್ಯಾಕೆ ಕೈ ಎತ್ತುತ್ತಿದ್ರಿ?"

ಇಬ್ಬರೂ ಮೀನು ನೋಡುತ್ತ ಕೂತೆವು. ಮನೆಯಲ್ಲಿ ಅದೊಂದೇ ಆರಾಮಾಗಿ ಕರಗುತ್ತಿತ್ತು. ಹೊರಡುವಾಗ ಬಾಗಿಲಲ್ಲಿ ನಿಂತು, ಸತ್ತವನ ಹೆಸರು ಬೀದಿಯಲ್ಲಿ ಕೂಗೋದು ಒಳ್ಳೇದಲ್ಲ, ನಾಳೆಯಿಂದ ನಿಮ್ಮ ಹೆಸರೇ ಕೂಗ್ತೀನಿ ಅಂದ. ಒಳ್ಳೆಯ ಮನುಷ್ಯ. ಆಗಲಪ್ಪ ಅಂದೆ.

ಮೀನು ಅರ್ಧ ಸಾರು ಮಾಡಿದೆ, ಅರ್ಧ ಬ್ರೆಡ್ಡಿನ ಗೋಡೆಯ ಪಕ್ಕ ಇಟ್ಟೆ. ವರದಿ ಇಲ್ಲಿಗೆ ಮುಗಿಯಿತು. ನಿನ್ನ ಮಂಡಿನೋವು ಆ ಸಮುದ್ರದಲ್ಲಿ ಮುಳುಗಿಹೋಗಲಿ, ಮೊಮ್ಮಕ್ಕಳ ಮೂಗು ಸದಾ ಬೆಚ್ಚಗಿರಲಿ.

ನಿನ್ನ
ವಾರ್ವಾರಾ

ಮರೆತ ಮಾತು: ವರದಿ, ಸಭೆ ಎಲ್ಲ ಬರೀ ತಮಾಷೆ ಕಣೇ, ನಿಜ ಇದು. ಇವತ್ತು ಬೆಳಗ್ಗೆ ಅವನು "ವಾರ್ವಾರಾ ಅತ್ತಿಗೆ, ಮೂಗು ಇದೆಯಾ?" ಅಂತ ಕೂಗಿದ. ನನ್ನ ಕೈ ಏಳಲಿಲ್ಲ. ಇಷ್ಟು ದಿನ ಆ ಟೋಪಿಯೊಳಗೆ ಸತ್ತಿದ್ದವಳು ನಾನು. ಬದುಕಿದ್ದವನು ಅಫನಾಸಿ, ದಿನಾ ಹೋಗಿ ಬ್ರೆಡ್ಡು ತರುತ್ತಿದ್ದ. ಇವತ್ತು ನಾನೊಬ್ಬಳೇ ಮನೆಗೆ ಬಂದೆ.