ಹಾಲಿನಂತೆ ತೊಳೆದ ಫಿಲ್ಟರ್

ಅಣ್ಣಾ,

ಬೆಳಗಿನ ಜಾವ ಮೂರು ಗಂಟೆ. ಚಟಾರೆಂದು ಏನೋ ಸಿಡಿದ ಸದ್ದಿಗೆ ಬೆಚ್ಚಿ ಎದ್ದೆ. ಕೂಸಿನ ಹಾಲಿನ ಬಾಟಲಿ ಕುದಿಯಲಿಟ್ಟು ಕುರ್ಚಿಯಲ್ಲೇ ತೂಕಡಿಸಿಬಿಟ್ಟಿದ್ದೆ. ನೀರು ಬತ್ತಿ ಗಾಜು ಒಡೆದಿತ್ತು, ಪಾತ್ರೆಯ ತಳ ಕರಕಲು. ಅದನ್ನು ಉಜ್ಜುತ್ತಿದ್ದಾಗ ಸಂಜೆ ನೀನು ಹೇಳಿದ ಮಾತು ನೆನಪಾಗಿ ಕೈ ಅಲ್ಲೇ ನಿಂತಿತು.

ಬೆಳಗಾದರೆ ನಿನ್ನ ವ್ಯಾನಿನಲ್ಲೇ ಬೆಟ್ಟಕ್ಕೆ ಹೊರಡುವ ನಿನ್ನ ಮಕ್ಕಳ ಶಾಲೆಯ ಪ್ರವಾಸಕ್ಕೆ ನನ್ನ ದೊಡ್ಡವಳನ್ನೂ ಕರೆದೊಯ್ಯಲು ಬಂದವನು, ಬಾಗಿಲಲ್ಲೇ ನಿಂತು ಅಂದೆಯಲ್ಲ: "ಏನೇ ಸುಣ್ಣದೋಳೇ, ಎರಡು ತಿಂಗಳ ಹಿಂದೆ ವ್ಯಾನಿನ ಹೊಗೆ ಫಿಲ್ಟರ್ ಬಿಚ್ಚಿ ಆಸಿಡ್‌ನಲ್ಲಿ ತೊಳ್ದೆ ಕಣೇ. ಒಳಗೆಲ್ಲಾ ಕಂದು ಕೊಳೆ. ಹಾಲಿನ ಹಾಗೆ ಮಾಡಿ ಕೂರಿಸಿದೀನಿ!" ನಾನೂ ನಕ್ಕೆ. ನಿದ್ದೆಗೆಟ್ಟ ತಲೆ, ಕಂಕುಳಲ್ಲಿ ಅಳುವ ಕೂಸು. ಕಿವಿಗೆ ಬಿದ್ದದ್ದು ಒಳಗಿಳಿಯಲಿಲ್ಲ.

ಅದು ಕೊಳೆಯಲ್ಲ ಅಣ್ಣಾ! ಕೂಸು ಹುಟ್ಟುವವರೆಗೂ ಕಾರ್ಖಾನೆಯಲ್ಲಿ ಪಿಂಗಾಣಿ ಫಿಲ್ಟರುಗಳಿಗೆ ನಾನು ಬಳಿಯುತ್ತಿದ್ದ ಲೇಪವೇ ಅದು. "ಸುಣ್ಣ ಬಳಿಯೋಕೂ ಡಿಗ್ರಿ ಬೇಕೇನೇ?" ಎಂದು ಅಣಕಿಸುತ್ತಿದ್ದೆಯಲ್ಲ, ಆ ಸುಣ್ಣ. ಸಾಧಾರಣ ಕಾವಿನಲ್ಲೇ ಮಸಿಯನ್ನು ಅಷ್ಟಷ್ಟಾಗಿ ಸುಟ್ಟುಹಾಕುವುದು ಅದೇ. ಅದು ಹೋದರೆ ಮಸಿ ಸುಡದೆ ಒಳಗೇ ಕೂರುತ್ತದೆ. ಊರೊಳಗಿನ ಓಡಾಟಕ್ಕೆ ಏನೂ ಗೊತ್ತಾಗುವುದಿಲ್ಲ. ಭರ್ತಿ ವ್ಯಾನು ಬೆಟ್ಟ ಹತ್ತಿ ಹೊಗೆ ಕೊಳವೆ ಕಾದರೆ, ಎರಡು ತಿಂಗಳ ಮಸಿ ಒಟ್ಟಿಗೇ ಹೊತ್ತಿಕೊಳ್ಳಬಹುದು. ಪಿಂಗಾಣಿಯೇ ಕರಗುವಷ್ಟು ಕಾವು, ಮಕ್ಕಳ ಸೀಟಿನ ಕೆಳಗೆ. ಸೆರಗಲ್ಲಿ ಕೆಂಡ ಕಟ್ಟಿಕೊಂಡು ಹೊರಟ ಹಾಗೆ!

ಫಿಲ್ಟರ್ ಕಟ್ಟಿಕೊಂಡರೆ ಎಚ್ಚರಿಸುವ ದೀಪ? "ಮಿಣಮಿಣ ಅಂತ ತಲೆ ತಿಂತಿತ್ತು, ವೈರೇ ಕಿತ್ತೆ" ಅಂತ ಅದನ್ನೂ ನೀನೇ ಹೇಳಿದೆ. ದೇವರೇ.

ನಿನ್ನಷ್ಟು ಜೋಪಾನವಾಗಿ ವ್ಯಾನು ನೋಡಿಕೊಳ್ಳುವವರನ್ನು ನಾನು ಕಂಡಿಲ್ಲ. ಸೋಮಾರಿ ಡ್ರೈವರ್ ಆಗಿದ್ದರೆ ಅದನ್ನು ತೊಳೆಯುತ್ತಲೇ ಇರಲಿಲ್ಲ.

ನಿನ್ನ ಫೋನೂ ಬಂದ್, ಅತ್ತಿಗೆಯದೂ ಬಂದ್. ಕೂಸನ್ನೆತ್ತಿಕೊಂಡು ಮೊದಲ ಬಸ್ಸಿಗೇ ಹೊರಟರೂ ನಾನು ನಿನ್ನ ಊರು ಮುಟ್ಟುವ ಮೊದಲೇ ನೀವು ಹೊರಟಿರುತ್ತೀರಿ. ಅದಕ್ಕೇ ಇದನ್ನು ಮೆಸೇಜಿನಲ್ಲಿ ಕಳಿಸುತ್ತಿದ್ದೇನೆ. ಎದ್ದೊಡನೆ ನಿನ್ನ ಕಣ್ಣಿಗೆ ಮೊದಲು ಇದೇ ಬೀಳಲಿ. ಮಕ್ಕಳು ಅತ್ತರೆ ಅಳಲಿ. ಹೆಡ್‌ಮೇಷ್ಟ್ರು ಬೈದರೆ ನನ್ನ ಮೇಲೆ ಹಾಕು. ವ್ಯಾನಿನ ಕೀಲಿ ಮಾತ್ರ ತಿರುಗಿಸಬೇಡ.

ನಿನ್ನ ಮನೆ ತಣ್ಣಗಿರಲಿ, ಅದರೊಳಗೆ ಮಲಗಿರುವ ನನ್ನ ಮಗಳೂ.

ನಿನ್ನ ತಂಗಿ

ಅಣ್ಣಾ, ಬೆಳಕು ಹರಿಯುವ ಮುಂಚೆ ಒಂದೇ ಒಂದು ಫೋನ್ ಮಾಡು. "ಹೊರಡಲ್ಲ ಕಣೇ" ಅಂದರೆ ಸಾಕು. ದಮ್ಮಯ್ಯ ಅಂತೀನಿ, ಮಾಡೋ.