ಎರಡು ಬೆರಳಿನಷ್ಟು ಸಡಿಲ

ಬ್ಯಾಡಗಿ
೨ ಸೆಪ್ಟೆಂಬರ್ ೨೦೨೪

ಪುಂಡಲೀಕ ಅವರಿಗೆ,

ಹೆಂಡತಿಯಾಗಿ ಹದಿಮೂರು ವರ್ಷವಾಯಿತು, ನಿಮ್ಮ ಹೆಸರು ಹಿಡಿದು ಕರೆಯುತ್ತಿರುವುದು ಇದೇ ಮೊದಲು. ಸಿಟ್ಟು ಬಂದರೆ ಬರಲಿ. ಫೋನಿನಲ್ಲಾದರೆ ನಾನು ಎರಡು ಮಾತಾಡುವುದರೊಳಗೆ ನೀವು ನಾಲ್ಕು ಆಡುತ್ತೀರಿ. ಅದಕ್ಕೇ ಕಾಗದ. ಗಣಪತಿ ಹಬ್ಬಕ್ಕೆ ಬಾ, ಆದದ್ದನ್ನೆಲ್ಲ ಮರೆತುಬಿಡೋಣ ಎಂದು ಹೇಳಿಕಳಿಸಿದ್ದೀರಿ. ನಾನು ತವರಿಗೆ ಬಂದು ಐದು ತಿಂಗಳಾಯಿತು. ಮರೆಯುವ ಮೊದಲು ಆದದ್ದೇನು ಎಂದು ಒಮ್ಮೆ ಸರಿಯಾಗಿ ನೆನಪು ಮಾಡಿಕೊಳ್ಳೋಣ.

ಎರಡು ವರ್ಷದ ಹಿಂದಿನ ಜೂನ್. ಬಿತ್ತನೆಯ ದಿನಗಳು, ರಾಣೆಬೆನ್ನೂರಿನ ನಿಮ್ಮ ಬೀಜದ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆಗ ಮನೆಯ ಕಾರನ್ನು ಹೆಚ್ಚಾಗಿ ಓಡಿಸುತ್ತಿದ್ದವಳು ನಾನು. ಸ್ಟೇರಿಂಗ್ ಸಡಿಲಾಗಿದೆ, ಎರಡು ಬೆರಳಿನಷ್ಟು ತಿರುಗಿಸಿದರೂ ಗಾಲಿಗೆ ಸುದ್ದಿಯೇ ಮುಟ್ಟುವುದಿಲ್ಲ ಎಂದು ಮೂರು ಸಲ ಹೇಳಿದೆ. "ಗಾಡಿ ಸರಿ ಐತಿ, ನಿನ್ನ ಕೈಗೆ ಹಿಡಿತ ಇಲ್ಲ" ಎಂದಿರಿ. ನಾಲ್ಕನೇ ಸಲ ಹೇಳಿದಾಗ ದಿಲಾವರನ ಗ್ಯಾರೇಜಿಗೆ ಒಯ್ದು, ಸಂಜೆ ತಂದು ನಿಲ್ಲಿಸಿ, "ರಿಪೇರಿ ಆತು, ಈಗ ಬೆಣ್ಣಿ ಹಂಗ ತಿರಗತೈತಿ" ಎಂದಿರಿ. ಸ್ಟೇರಿಂಗಿಗೆ ದಪ್ಪನೆಯ ಹೊಸ ಕವರು ಬಂದಿತ್ತು. ಮುಂದಿನ ಟೈರುಗಳಿಗೆ ಗಾಳಿ ಬಿಗಿಯಾಗಿ ಹೊಡೆಸಿದ್ದಿರಿ. ತಿರುಗಿಸಲು ಹಗುರವಾಗಿತ್ತು, ನಿಜ. ನಾನೆಂಥ ಹುಚ್ಚಿ ಎಂದರೆ, ಖುಷಿಯಿಂದ ನಿಮಗೆ ಶಿರಾ ಮಾಡಿ ಬಡಿಸಿದೆ.

ನಾಲ್ಕನೇ ದಿನ ಅತ್ತೆಯನ್ನು ಅಗಡಿಗೆ, ಅವರ ತಂಗಿಯ ಮನೆಗೆ ಕರೆದೊಯ್ಯುತ್ತಿದ್ದೆ. ಊರು ಇನ್ನೇನು ಬಂತು ಎನ್ನುವಾಗ ತಿರುವಿನಲ್ಲಿ ನಾನು ಬಲಕ್ಕೆ ತಿರುಗಿಸಿದೆ, ಕಾರು ತಿರುಗಲಿಲ್ಲ. ನೇರ ಹೋಗಿ ಹೊಲದ ಬದುವಿಗೆ ಬಡಿಯಿತು. ನನಗೆ ತರಚು ಗಾಯ, ಅತ್ತೆಗೆ ಸೊಂಟದ ಎಲುಬು ಮುರಿಯಿತು. ಹಾವೇರಿಯ ದವಾಖಾನೆಯಲ್ಲಿ ನೆಂಟರೆಲ್ಲರ ಎದುರು ನೀವು ತಲೆಯ ಮೇಲೆ ಕೈ ಹೊತ್ತು ಕುಳಿತು, "ಹೆಂಗಸರ ಕೈಯಾಗ ಸ್ಟೇರಿಂಗ್ ಕೊಟ್ಟಿದ್ದ ನನ್ನ ತಪ್ಪು" ಎಂದಿರಿ. ಮುರಿದ ಕಾರನ್ನು ವಾರದೊಳಗೆ ಮಾರಿಬಿಟ್ಟಿರಿ.

ಅತ್ತೆ ಕೋಲು ಹಿಡಿದು ನಡೆಯುವಂತಾದ ಮೇಲೆ ದೇವರಗುಡ್ಡಕ್ಕೆ ಹೋದೆವು. ಮೈಲಾರಲಿಂಗನ ಎದುರು ಅತ್ತೆ ನನ್ನ ಅಂಗೈಗೆ ಭಂಡಾರ ಹಾಕಿದರು. ನೀವು ಪಕ್ಕದಲ್ಲಿ ನಿಂತು ಒಂದೊಂದೇ ಮಾತು ಹೇಳಿಕೊಟ್ಟಿರಿ. ಇನ್ನು ಜೀವ ಇರುವತನಕ ಸ್ಟೇರಿಂಗ್ ಮುಟ್ಟುವುದಿಲ್ಲ ಎಂದು ಆಣೆ ಮಾಡಿದೆ. ಆ ಅರಿಶಿನ ಹಿಡಿದು ಆಡಿದ ಮಾತನ್ನು ನಮ್ಮ ಮಂದಿ ಮುರಿಯುವುದಿಲ್ಲ, ನಿಮಗೂ ಗೊತ್ತು. ಆಮೇಲೆ ಸಾರಿಗೆ ಉಪ್ಪು ಹೆಚ್ಚಾದರೂ ನಿಮ್ಮದು ಅದೇ ರಾಗ, ಕೈಗೆ ಹಿಡಿತ ಇಲ್ಲ. ಕೇಳಿ ಕೇಳಿ ಸಾಕಾಗಿ ಬ್ಯಾಡಗಿಗೆ ಬಂದೆ. ಬಂದ ಮೇಲೂ ತಪ್ಪು ನನ್ನದೇ ಎಂದುಕೊಂಡಿದ್ದೆ.

ಕಳೆದ ವಾರ ತಮ್ಮ ಮಧು ಒಂದು ಹಳೇ ಕಾರು ಕೊಂಡ. ಅದರ ಸ್ಟೇರಿಂಗೂ ಸಡಿಲು. ದಿಲಾವರನಲ್ಲಿಗೇ ಒಯ್ದೆವು. ಅವನು ಕಾರು ಎತ್ತಿ ನಿಲ್ಲಿಸಿ, ಮುಂದಿನ ಗಾಲಿ ಅಲುಗಾಡಿಸಿ, ಗಾಲಿಯನ್ನು ತಿರುಗಿಸುವ ಸರಳಿನ ತುದಿಯಲ್ಲಿ ಗುಂಡು ಸವೆದಿರುವುದನ್ನು ತೋರಿಸಿದ. ಅದು ಕಳಚಿದರೆ ಸ್ಟೇರಿಂಗ್ ತಿರುಗಿದರೂ ಗಾಲಿ ತಿರುಗುವುದಿಲ್ಲವಂತೆ. ಆಮೇಲೆ ನನ್ನ ಗುರುತು ಹತ್ತಿ ಹೇಳಿದ: "ಅಕ್ಕಾರ, ನಿಮ್ಮ ಗಾಡಿದೂ ಇದ ಹೋಗಿತ್ತು. ಸಾಮಾನು ಹುಬ್ಬಳ್ಳಿಯಿಂದ ಬರಬೇಕು, ಅಲ್ಲೀತನಕ ಗಾಡಿ ಹೊರಗ ತಗೀಬ್ಯಾಡ್ರಿ ಅಂತ ಸಾಹುಕಾರ್ರಿಗೆ ಕೈ ಮುಗದು ಹೇಳಿದ್ದೆ. ಅಂಗಡಿ ಗದ್ದಲ ಐತಿ, ಕಾಯಾಕ ಆಗೂದಿಲ್ಲ ಅಂದು ಒಯ್ದ್ರು." ಆ ಮೇಲೆ ನೀವು ಆ ಕಡೆ ಸುಳಿದೇ ಇಲ್ಲವಂತೆ.

ಮಧುವಿನ ಕಾರಿಗೆ ಅವನು ಹೊಸ ತುದಿ ಹಾಕಿದ, ಗಾಲಿಗಳನ್ನು ನೇರಕ್ಕೆ ತಂದ, ಟೈರಿನ ಗಾಳಿಯನ್ನು ಅಳತೆಗೆ ಇಳಿಸಿದ, ಹಳೇ ಕವರು ಕಿತ್ತೆಸೆದ. "ಸ್ಟೇರಿಂಗ್ ಹಗೂರ ಇದ್ರ ಚಲೋ ಅಂತ ಮಂದಿ ತಿಳಿದಾರ. ಹಂಗಲ್ರಿ, ರಸ್ತಾ ಕೈಗೆ ತಿಳೀಬೇಕು. ಕುಂದರ್ರಿ, ನೋಡ್ರಿ" ಎಂದ. ಆಣೆಯ ಮಾತು ನಾನು ಎತ್ತಲಿಲ್ಲ. ಕುಳಿತು ಒಂದು ಸುತ್ತು ಹೋಗಿಬಂದೆ. ಬೆರಳಿನಷ್ಟು ತಿರುಗಿಸಿದರೆ ಬೆರಳಿನಷ್ಟೇ ತಿರುಗಿತು. ಗಾಲಿಗೆ ಸಣ್ಣ ಕಲ್ಲು ಸಿಕ್ಕರೂ ಅಂಗೈಗೆ ಗೊತ್ತಾಗುತ್ತಿತ್ತು. ನನ್ನ ಕೈ ಚೆನ್ನಾಗಿಯೇ ಇದೆ, ಪುಂಡಲೀಕ ಅವರೇ. ನಿಮ್ಮ ಮಾತು ನಂಬಿ ಎರಡು ವರ್ಷ ನನ್ನ ಕೈಗಳನ್ನು ನಾನೇ ಹಳಿದುಕೊಂಡೆ. ಅದಕ್ಕೆ ನಿಮ್ಮನ್ನು ಕ್ಷಮಿಸಲಾರೆ.

ಆದರೂ ಬರುತ್ತೇನೆ, ಒಂದು ಕರಾರಿನ ಮೇಲೆ. ಅತ್ತೆಯ ಎದುರು ಕುಳಿತು, ತಪ್ಪು ದೀಪಿಕಾಳದಲ್ಲ, ನನ್ನದು ಎಂದು ನಿಮ್ಮ ಬಾಯಿಂದಲೇ ಹೇಳಬೇಕು. ಊರಿನವರು ಏನಾದರೂ ಅಂದುಕೊಳ್ಳಲಿ. ಒಂದೊಂದು ಹೆಜ್ಜೆ ಇಡುವಾಗಲೂ ಆ ಹಿರಿಯ ಜೀವ ನನ್ನನ್ನು ಶಪಿಸುತ್ತಿರಬೇಕು ಎನ್ನುವುದನ್ನು ಮಾತ್ರ ತಾಳಲಾರೆ. ಹೆತ್ತ ಮಗಳಂತೆ ನೋಡಿಕೊಂಡವರು ಅವರು. ಹಬ್ಬದೊಳಗೆ ಹೇಳಿ, ಅವರಿಂದಲೇ ನನಗೊಂದು ಫೋನ್ ಮಾಡಿಸಿ.

ಇಂತಿ,
ದೀಪಿಕಾ

ಮ.ವಿ.: ಇದನ್ನು ಬರೆದು ಎರಡು ದಿನ ನನ್ನಲ್ಲೇ ಇಟ್ಟುಕೊಂಡಿದ್ದೆ. ನೀವು ಹೇಳುವವರಲ್ಲ ಎನಿಸಿ, ಇಂದು ಮುಂಜಾನೆ ನಾನೇ ಮಧುವಿನ ಕಾರು ಓಡಿಸಿಕೊಂಡು ರಾಣೆಬೆನ್ನೂರಿಗೆ ಹೋದೆ. ನೀವು ಅಂಗಡಿಗೆ ಹೋಗಿದ್ದಿರಿ. ದಿಲಾವರ ಹೇಳಿದ್ದನ್ನೆಲ್ಲ ಅತ್ತೆಗೆ ಹೇಳಿದೆ. ಅವರು ಬೆಚ್ಚಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ದವಾಖಾನ್ಯಾಗ ಇದ್ದಾಗನ ಅವ ನನಗ ಎಲ್ಲಾ ಹೇಳ್ಯಾನವಾ. ಅಂಗಡಿ ನಡಸೋ ಮಗಾ, ನಾಕ ಮಂದ್ಯಾಗ ಅವನ ಹೆಸರ ಕೆಡಬಾರದು ಅಂತ ಸುಮ್ಮನಿದ್ದೆ. ನೀ ಹೆಂಗರ ತಡಕೋತಿ ಅಂದ್ಕೊಂಡೆ" ಎಂದರು. ಕರಾರು ವಾಪಸು ತೆಗೆದುಕೊಂಡಿದ್ದೇನೆ. ನೀವು ಅವರಿಗೆ ಏನೂ ಹೇಳಬೇಕಾಗಿಲ್ಲ. ನಾನು ಬರುವುದೂ ಇಲ್ಲ.