ನಡುವೆ ಕಚ್ಚಿದ ಹ್ಯಾಂಡಲ್

ತಮ್ಮಾ ಯಲ್ಲೇಶ,

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನ ಕೈಗೆ ಪೆನ್ನು ಕೊಟ್ಟು ಕೂರಿಸಿದ್ದಾಳೆ ನಿನ್ನ ಅತ್ತಿಗೆ. "ಮನಸ್ಸಿನಾಗ ಇಟ್ಕೊಂಡು ನಮ್ಮ ಮ್ಯಾಲೆ ಒದರಬ್ಯಾಡ್ರಿ, ಬರೀರಿ" ಅಂದಳು. ಬರೆದು ಎಲ್ಲಿಗೆ ಕಳಿಸಲಿ? ನೀನು ಎಲ್ಲಿದ್ದೀ ಎಂದು ನಿನ್ನ ಹೆಂಡತಿ ಚಂದ್ರಕಲಾಳೂ ನನಗೆ ಹೇಳುವುದಿಲ್ಲ.

ನಿನ್ನೆ ಚಂದ್ರಕಲಾ ನಿನ್ನ ಬೈಕನ್ನು ನನ್ನ ಗ್ಯಾರೇಜಿಗೆ ತಂದಳು. ನಲವತ್ತು ದಾಟಿದರೆ ಹ್ಯಾಂಡಲ್ ನಡುಗುತ್ತದೆ ಎಂದಳು. ಟೈರಿನ ಗಾಳಿ ನೋಡಿದೆ, ಚಕ್ರ ತಿರುಗಿಸಿ ನೋಡಿದೆ, ಎರಡೂ ಸರಿ ಇದ್ದವು.

"ಗಾಡಿ ಹಿಡಿಯೋಕೆ ಬರಬೇಕವ್ವ" ಎಂದು ರೇಗಿದೆ.

"ಅವ್ರು ಬಿದ್ದಾಗ ಕುಡಿದಿದ್ರು ಅಂದ್ರಿ. ಈಗ ನಾನೂ ಕುಡ್ದು ಬಂದೀನೇನ್ರಿ, ಬಾವ?"

ಮುಂದಿನ ಚಕ್ರ ನೆಲ ಬಿಡುವಂತೆ ಗಾಡಿ ಎತ್ತಿ ನಿಲ್ಲಿಸಿದೆ. ಬೆರಳಿನಿಂದ ತಳ್ಳಿದರೆ ಹ್ಯಾಂಡಲ್ ತಾನೇ ಪಕ್ಕಕ್ಕೆ ಬೀಳಬೇಕು. ಬೀಳಲಿಲ್ಲ, ನಟ್ಟನಡುವೆ ಕಚ್ಚಿ ನಿಂತಿತು. ಅದು ತಿರುಗುವ ಕೋನ್ ಸೆಟ್ ಬಿಚ್ಚಿದರೆ ಒಳಗೆ ಉಕ್ಕಿನ ಬಾಲುಗಳು ಒತ್ತಿ ಒತ್ತಿ ಅದರ ಬಟ್ಟಲಿನಲ್ಲಿ ಗುಳಿ ಬಿದ್ದಿದ್ದವು. ಯುಗಾದಿಗೆ ಮುಂಚೆ ಹ್ಯಾಂಡಲ್ ಟಕಟಕ ಎನ್ನುತ್ತದೆಂದು ನೀನು ತಂದಿದ್ದೆ. ನಾನೇ ನಟ್ಟನ್ನು ಅತಿಯಾಗಿ ಬಿಗಿ ಮಾಡಿ, ಚಕ್ರ ಎತ್ತಿ ನೋಡದೆ ಕಳಿಸಿದ್ದೆ.

ನೀನು ಸಂಡೂರಿನ ಇಳಿಜಾರಿನಲ್ಲಿ ಈ ಬೈಕಿನಿಂದ ಬಿದ್ದ ದಿನ ಗಣಿಯ ಸಾಹೇಬರು ಫೋನ್ ಮಾಡಿ, ಹೇಗೆ ಬಿದ್ದ ಎಂದು ಕೇಳಿದರು. ನಿನ್ನ ಮುಖವನ್ನೂ ನಾನಿನ್ನೂ ನೋಡಿರಲಿಲ್ಲ. "ಕುಡಿದಿರ್ತಾನ್ರಿ" ಎಂದೆ. ಆಮೇಲೆ ಅವರು ನಿನಗೆ ಅದಿರಿನ ಲಾರಿ ಓಡಿಸಲು ಕೊಡಲಿಲ್ಲ.

ಬೈಕಿಗೆ ಹೊಸ ಕೋನ್ ಸೆಟ್ ಹಾಕಿದ್ದೇನೆ. ಹಳೆಯದನ್ನು ಬಟ್ಟೆಯಲ್ಲಿ ಕಟ್ಟಿಟ್ಟಿದ್ದೇನೆ. ಸೋಮವಾರ ಅದನ್ನು ಒಯ್ದು ಸಾಹೇಬರ ಮೇಜಿನ ಮೇಲೆ ಇಡುತ್ತೇನೆ. ಈ ಕಾಗದವನ್ನು ಚಂದ್ರಕಲಾಳ ಕೈಗೆ ಕೊಡುತ್ತೇನೆ, ಅವಳೇ ನಿನಗೆ ಮುಟ್ಟಿಸಲಿ. ನೀನು ಜೊತೆಗೆ ಬರುತ್ತೀಯೋ ಇಲ್ಲವೋ, ಶನಿವಾರದೊಳಗೆ ತಿಳಿಸು.